ಆ್ಯಕ್ಟಿಂಗ್ ಡಿಗ್ರಿಯೋ, ಮ್ಯೂಸಿಕಲ್ ಥಿಯೇಟರ್ ಡಿಗ್ರಿಯೋ: ಅಮೆರಿಕದಲ್ಲಿ ಅರ್ಜಿ ಹಾಕುವವರಿಗೆ

ಎಡಿಸನ್, ಫ್ರೀಮಾಂಟ್, ಡಲ್ಲಾಸ್ ಕಡೆಯ ಕನ್ನಡ ಮನೆಗಳಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಎರಡು ಕಡೆಯಿಂದ ತಯಾರಿ ಸಿಕ್ಕಿರುತ್ತದೆ. ಮನೆಯ ಕಡೆಯಿಂದ ಏಳೆಂಟು ವರ್ಷ ಕರ್ನಾಟಕ ಸಂಗೀತ ಇಲ್ಲವೇ ಭರತನಾಟ್ಯ, ಶಾಲೆಯ ಕಡೆಯಿಂದ ವರ್ಷಕ್ಕೊಂದು ಮ್ಯೂಸಿಕಲ್, ಅಂದರೆ ಹಾಡು, ನೃತ್ಯ ಬೆರೆತ ನಾಟಕ. ಹೀಗಾಗಿ ಕಾಲೇಜಿನಲ್ಲಿ ರಂಗಭೂಮಿಯನ್ನೇ ಓದುವ ಮಾತು ಬಂದ ಕೂಡಲೇ ‘ಹಾಡೋಕೂ ಬರುತ್ತೆ, ಕುಣಿಯೋಕೂ ಬರುತ್ತೆ, ಮ್ಯೂಸಿಕಲ್ ಥಿಯೇಟರ್‌ಗೇ ಹಾಕಿಬಿಡೋಣ’ ಎಂದು ತೀರ್ಮಾನವಾಗಿಬಿಡುತ್ತದೆ. ಇದು ಅವಸರದ ತೀರ್ಮಾನ. ಏನೇನು ಬರುತ್ತದೆ ಎಂದು ಲೆಕ್ಕ ಹಾಕುವುದಕ್ಕಿಂತ, ನಾಲ್ಕು ವರ್ಷ ಬೆಳಗಿನಿಂದ ರಾತ್ರಿವರೆಗೆ ಯಾವ ಅಭ್ಯಾಸದಲ್ಲಿ ಮುಳುಗಿರಬೇಕು ಎಂಬುದನ್ನು ನೋಡಿ ಡಿಗ್ರಿ ಆರಿಸಬೇಕು.

ಮೊದಲು ಡಿಗ್ರಿಯ ಹೆಸರು. ಬಿಎಫ್‌ಎ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಎಂದರೆ ವೃತ್ತಿ ತರಬೇತಿ: ಒಟ್ಟು ಸುಮಾರು 120 ಕ್ರೆಡಿಟ್‌ಗಳಲ್ಲಿ ಹೆಚ್ಚುಕಮ್ಮಿ ಮೂರನೇ ಎರಡು ಪಾಲು ರಂಗಭೂಮಿಯದೇ. ಬಿಎಯಲ್ಲಿ ಅದು ಮೂರನೇ ಒಂದು ಪಾಲಿನ ಆಸುಪಾಸು, ಉಳಿದದ್ದು ಸಾಮಾನ್ಯ ವಿಷಯಗಳು. ‘ನಾಟಕದ ಜೊತೆಗೆ ಕಂಪ್ಯೂಟರ್ ಸೈನ್ಸ್ ಕೂಡ ಇರಲಿ’ ಎನ್ನುವ ಮನೆಗೆ ಬಿಎಫ್‌ಎ ಹೊಂದುವುದಿಲ್ಲ, ಎರಡಕ್ಕೂ ವೇಳಾಪಟ್ಟಿಯಲ್ಲಿ ಜಾಗವೇ ಸಿಗದು. ಅಂಥವರು ಆಡಿಷನ್ ಇಲ್ಲದೆ ಬಿಎ ಕೊಡುವ ನಾರ್ತ್‌ವೆಸ್ಟರ್ನ್‌ನಂಥ ಕಡೆ ನೋಡುವುದು ಒಳ್ಳೆಯದು. ಕೆಲವು ಕಡೆ ಮ್ಯೂಸಿಕಲ್ ಥಿಯೇಟರ್‌ಗೆ ಬಿಎಂ, ಅಂದರೆ ಸಂಗೀತದ ಪದವಿ ಕೊಡುತ್ತಾರೆ. ಬಾಲ್ಡ್ವಿನ್ ವಾಲೇಸ್ ಅಂಥದ್ದು. ಅಲ್ಲಿ ಸಂಗೀತದ ಥಿಯರಿ, ಕಿವಿಯಿಂದಲೇ ಸ್ವರ ಗುರುತಿಸುವ ಇಯರ್ ಟ್ರೈನಿಂಗ್‌ಗಳ ತೂಕ ಹೆಚ್ಚು.

ಈಗ ದಿನಚರಿ. ಆ್ಯಕ್ಟಿಂಗ್ ಬಿಎಫ್‌ಎಯಲ್ಲಿ ಮೊದಲ ಎರಡು ವರ್ಷ ಪ್ರತಿದಿನ ಸ್ಟುಡಿಯೊ ಅಭಿನಯ. ರಷ್ಯಾದ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯಿಂದ ಬಂದ ಯಾವುದಾದರೊಂದು ಪದ್ಧತಿ, ಬಹಳ ಕಡೆ ಅಮೆರಿಕದ ಅಭಿನಯ ಗುರು ಮೈಸ್ನರ್‌ನ ಪುನರಾವರ್ತನೆಯ ಅಭ್ಯಾಸ, ಅಂದರೆ ಇಬ್ಬರು ಒಂದೇ ಮಾತನ್ನು ಒಬ್ಬರಿಗೊಬ್ಬರು ಮರುನುಡಿಯುವುದು. ಜೊತೆಗೆ ಲಿಂಕ್‌ಲೇಟರ್ ಅಥವಾ ಫಿಟ್ಜ್‌ಮಾರಿಸ್ ಕ್ರಮದ ಧ್ವನಿ ತರಗತಿ, ಐಪಿಎ ಎಂಬ ಅಂತರರಾಷ್ಟ್ರೀಯ ಧ್ವನಿ ಲಿಪಿ ಹಿಡಿದು ಉಚ್ಚಾರಣೆ, ಅಲೆಕ್ಸಾಂಡರ್ ಅಥವಾ ಲಾಬಾನ್ ಕ್ರಮದ ಚಲನೆ. ಆಮೇಲೆ ಶೇಕ್ಸ್‌ಪಿಯರನ ಪದ್ಯ, ರಂಗದ ಹೊಡೆದಾಟ, ಕ್ಯಾಮೆರಾ ಅಭಿನಯ. ಒಂದೇ ದೃಶ್ಯವನ್ನು ವಾರಗಟ್ಟಲೆ ಬಿಚ್ಚಿ ಕಟ್ಟುವ ಕೆಲಸ ಇದು. ಪಾತ್ರ ಏನು ಬಯಸುತ್ತದೆ, ಎದುರಿಗಿರುವವನಿಂದ ಅದನ್ನು ಹೇಗೆ ಕಿತ್ತುಕೊಳ್ಳುತ್ತದೆ ಎಂದು ಮತ್ತೆ ಮತ್ತೆ ಕೇಳಿಸಿಕೊಳ್ಳುವ ತಾಳ್ಮೆ ಬೇಕು.

ಮ್ಯೂಸಿಕಲ್ ಥಿಯೇಟರ್‌ನಲ್ಲಿ ಬೆಳಿಗ್ಗೆ ಎಂದರೆ ಸಾಮಾನ್ಯವಾಗಿ ಬ್ಯಾಲೆ. ಆಮೇಲೆ ಜಾಝ್, ಟ್ಯಾಪ್. ವಾರಕ್ಕೊಮ್ಮೆ ಗುರುವಿನ ಜೊತೆ ಒಬ್ಬರೇ ಕೂತು ಹಾಡುವ ಪಾಠ, ಅದಕ್ಕೆ ದಿನವೂ ಸಾಧನೆ. ಮ್ಯೂಸಿಕ್ ಥಿಯರಿ, ನೋಡಿದ ಕೂಡಲೇ ಸ್ವರ ಹಾಡುವ ಅಭ್ಯಾಸ, ಪಿಯಾನೊ, ಹಾಡನ್ನು ಅಭಿನಯಿಸುವ ತರಗತಿ. ಇಷ್ಟರ ನಡುವೆ ಅಭಿನಯದ ತರಗತಿಯೂ ಇರುತ್ತದೆ, ಆದರೆ ಆ್ಯಕ್ಟಿಂಗ್‌ನವರಿಗೆ ಸಿಗುವಷ್ಟು ಗಂಟೆ ಸಿಗುವುದು ಕಡಿಮೆ. ಅದಕ್ಕಾಗಿಯೇ ಕಾಲೇಜಿನ ವೆಬ್‌ಸೈಟಿನಲ್ಲಿ ಸೆಮಿಸ್ಟರ್‌ವಾರು ಕೋರ್ಸ್ ಪಟ್ಟಿ ತೆಗೆದು, ಅಭಿನಯಕ್ಕೆ ಎಷ್ಟು ಕ್ರೆಡಿಟ್, ನೃತ್ಯಕ್ಕೆ ಎಷ್ಟು, ಧ್ವನಿಗೆ ಎಷ್ಟು ಎಂದು ಕಾಗದದ ಮೇಲೆ ಬರೆಯಲೇಬೇಕು. ಒಂದೇ ಹೆಸರಿನ ಎರಡು ಡಿಗ್ರಿಗಳಲ್ಲಿ ಈ ಅಂಕಿಗಳು ಬಹಳ ಬೇರೆಯಾಗಿರುತ್ತವೆ. ಕೆಲವು ಮ್ಯೂಸಿಕಲ್ ಥಿಯೇಟರ್ ಕೋರ್ಸ್‌ಗಳು ನಟನೆಯನ್ನೇ ನಡುವಿಟ್ಟುಕೊಂಡಿವೆ, ಕೆಲವು ನೃತ್ಯವನ್ನು.

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ: ಹಾಡು, ನೃತ್ಯ ಎರಡರಲ್ಲೂ ನಿಜವಾದ ಹಸಿವಿರುವ ಮಗು ಹದಿನೆಂಟಕ್ಕೇ ಮ್ಯೂಸಿಕಲ್ ಥಿಯೇಟರ್ ಹಿಡಿಯಬೇಕು. ಪಾದ, ಸೊಂಟ, ಗಂಟಲಿಗೆ ಆ ವಯಸ್ಸಿನಲ್ಲಿ ದಿನನಿತ್ಯ ಸಿಗುವ ಶಿಕ್ಷಣವನ್ನು ಮೂವತ್ತರಲ್ಲಿ ಕಟ್ಟಿಕೊಳ್ಳುವುದು ಕಷ್ಟ. ಅಭಿನಯಕ್ಕೆ ಮುಂದೆ ಎರಡನೇ ಬಾಗಿಲಿದೆ. ನಟನೆಯಲ್ಲಿ ಎಂಎಫ್‌ಎ, ಅಂದರೆ ಸ್ನಾತಕೋತ್ತರ ಪದವಿ ಕೊಡುವ ಒಳ್ಳೆಯ ಶಾಲೆಗಳು ಹಲವಾರು. ಯೇಲ್‌ನ ನಾಟಕ ಶಾಲೆ 2021ರಿಂದ ಟ್ಯೂಷನ್ ಫೀಸನ್ನೇ ತೆಗೆದುಹಾಕಿದೆ. ಮ್ಯೂಸಿಕಲ್ ಥಿಯೇಟರ್‌ನಲ್ಲಿ ಎಂಎಫ್‌ಎ ಬೆರಳೆಣಿಕೆಯಷ್ಟು. ಆದರೆ ಹಾಡು ಚೆನ್ನಾಗಿದ್ದು ನೃತ್ಯ ಶಿಕ್ಷೆಯಂತೆ ಕಾಣುವ ಮಗುವಿಗೆ ಆ್ಯಕ್ಟಿಂಗ್ ಬಿಎಫ್‌ಎ ಸೇರಿ ಹೊರಗೆ ಹಾಡಿನ ಪಾಠ ಇಟ್ಟುಕೊಳ್ಳುವುದೇ ಸರಿ. ಬೆಳಿಗ್ಗೆ ಬ್ಯಾಲೆ ಬಾರ್ ಹಿಡಿದು ನಿಲ್ಲಲು ಮನಸ್ಸಿಲ್ಲದವರಿಗೆ ಎರಡನೇ ವರ್ಷದ ಹೊತ್ತಿಗೆ ಇಡೀ ಕೋರ್ಸೇ ಭಾರವಾಗುತ್ತದೆ.

ಕರ್ನಾಟಕ ಸಂಗೀತ ಕಲಿತವರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಆಡಿಷನ್ ಕೋಚ್‌ಗಳಿಗೆ ಇದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಲಾಭ ದೊಡ್ಡದು: ಶ್ರುತಿ ಜ್ಞಾನ, ತಾಳ, ಕೇಳಿದ್ದನ್ನು ಕೂಡಲೇ ಹಿಡಿಯುವ ಕಿವಿ. ಸ್ವರಸ್ಥಾನಗಳನ್ನು ಷಡ್ಜದಿಂದ ಅಳೆದು ಹಾಡುವ ಅಭ್ಯಾಸ ಇರುವುದರಿಂದ ‘ಮೂವಬಲ್ ಡೊ’ ಕ್ರಮದ ಸೋಲ್ಫೇಜ್ (ಆಧಾರ ಸ್ವರ ಎಲ್ಲಿದ್ದರೂ ಅದನ್ನೇ ‘ಡೊ’ ಎಂದುಕೊಂಡು ಡೊ-ರೆ-ಮಿ ಹಾಡುವುದು) ಬೇಗ ಒಲಿಯುತ್ತದೆ. ಒಂದು ತೊಡಕಿದೆ. ಸರಳೆ ವರಸೆ ಕಲಿತದ್ದು ಮಾಯಾಮಾಳವಗೌಳದಲ್ಲಿ, ಪಾಶ್ಚಾತ್ಯ ಮೇಜರ್ ಸ್ಕೇಲ್ ಧೀರಶಂಕರಾಭರಣ. ಹಾಗಾಗಿ ವರಸೆಗಳನ್ನೆಲ್ಲ ಶಂಕರಾಭರಣದಲ್ಲಿ ಮತ್ತೆ ಹಾಡಿ, ನ್ಯಾಚುರಲ್ ಮೈನರ್‌ಗೆ ನಠಭೈರವಿಯಲ್ಲೂ ಹಾರ್ಮೋನಿಕ್ ಮೈನರ್‌ಗೆ ಕೀರವಾಣಿಯಲ್ಲೂ ಹಾಡಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಸ್ಟಾಫ್ ನೊಟೇಷನ್ ಓದುವುದು ಮತ್ತು ಪಕ್ಕದವರು ಬೇರೆ ಸ್ವರ ಹಾಡುತ್ತಿರುವಾಗ ತನ್ನ ಸ್ವರದಲ್ಲೇ ನಿಲ್ಲುವುದು. ಎರಡನೆಯದಕ್ಕೆ ಶಾಲೆಯ ಕಾಯರ್‌ಗಿಂತ ಒಳ್ಳೆಯ ಮದ್ದಿಲ್ಲ.

ಧ್ವನಿಯ ತೊಂದರೆ ಬೇರೆ. ನಮ್ಮಲ್ಲಿ ಹುಡುಗಿಯರು ಐದು, ಐದೂವರೆ ಮನೆ ಶ್ರುತಿಯಲ್ಲಿ ಎದೆಧ್ವನಿಯಲ್ಲೇ ತಾರ ಪಂಚಮದವರೆಗೆ ಹೋಗುತ್ತಾರೆ. ಹೆಡ್ ವಾಯ್ಸ್ (ತಲೆಯಲ್ಲಿ ಮೊಳಗುವ ಹಗುರ ಮೇಲ್ಧ್ವನಿ) ಬಳಸುವ ರೂಢಿ ಕಡಿಮೆ. ಮ್ಯೂಸಿಕಲ್ ಥಿಯೇಟರ್ ಮೂರನ್ನೂ ಕೇಳುತ್ತದೆ: ಹಳೆಯ ಹಾಡುಗಳಿಗೆ ಲೆಜಿಟ್ ಎನ್ನುವ ತೇಲುವ ಹೆಡ್ ವಾಯ್ಸ್, ಹೊಸ ಹಾಡುಗಳಿಗೆ ಬೆಲ್ಟ್ ಎನ್ನುವ ಗಟ್ಟಿಯಾದ ತುಂಬು ಧ್ವನಿ, ನಡುವೆ ಎರಡೂ ಬೆರೆತ ಮಿಕ್ಸ್. ಎದೆಧ್ವನಿಯನ್ನೇ ಮೇಲಕ್ಕೆ ಎಳೆದು ಬೆಲ್ಟ್ ಎಂದುಕೊಂಡರೆ ಗಂಟಲು ಕಟ್ಟುತ್ತದೆ, ಕೆಲವೇ ತಿಂಗಳಲ್ಲಿ ಧ್ವನಿ ಒರಟಾಗುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಅಭ್ಯಾಸವೂ ಕಿವಿಗೆ ಬೀಳುತ್ತದೆ. ಗಮಕವಿಲ್ಲದೆ ಸ್ವರದ ನೆತ್ತಿಗೇ ನೇರ ಇಳಿಯುವುದನ್ನು ಹೊಸದಾಗಿ ಕಲಿಯಬೇಕು. ಮ್ಯೂಸಿಕಲ್ ಥಿಯೇಟರ್ ಹಾಡುಗಾರಿಕೆಯನ್ನೇ ಕಲಿಸುವ ಗುರುವಿನ ಬಳಿ ಕನಿಷ್ಠ ಒಂದು ವರ್ಷ, ಅಂದರೆ ಹನ್ನೊಂದನೇ ತರಗತಿಯ ಆರಂಭದಿಂದ.

ಭರತನಾಟ್ಯ ತಾಳಕ್ಕೆ, ಮುಖಕ್ಕೆ, ದೇಹದ ಶಿಸ್ತಿಗೆ ಅಪಾರ ಆಸ್ತಿ. ಟ್ಯಾಪ್‌ನಲ್ಲಿ ಜತಿ ಕಲಿತ ಕಾಲು ಬೇಗ ಮುಂದೆ ಬರುತ್ತದೆ. ಆದರೆ ಅರಮಂಡಿಯಲ್ಲಿ ಭಾರ ಕೆಳಗಿಳಿಯುತ್ತದೆ, ಪಾದ ನೆಲಕ್ಕೆ ತಟ್ಟುತ್ತದೆ. ಬ್ಯಾಲೆಯಲ್ಲಿ ಮೈ ಮೇಲಕ್ಕೆ ಎಳೆದಿರಬೇಕು, ಪಾದ ಚಾಚಿರಬೇಕು. ಡ್ಯಾನ್ಸ್ ಕಾಲ್ ಎಂಬ ನೃತ್ಯದ ಆಡಿಷನ್‌ನಲ್ಲಿ ಒಂದು ತುಣುಕನ್ನು ಒಟ್ಟಿಗೆ ಕಲಿಸಿ ಸಣ್ಣ ಗುಂಪುಗಳಲ್ಲಿ ಮಾಡಿಸುತ್ತಾರೆ. ಅಲ್ಲಿ ನೋಡುವುದು ಎಷ್ಟು ಬೇಗ ಹಿಡಿದಿರಿ, ತಪ್ಪಿದಾಗ ನಿಂತಿರೋ ಮುಂದುವರಿದಿರೋ ಎಂಬುದನ್ನು. ಪಿರೂಯೆಟ್ (ಒಂಟಿ ಕಾಲಿನ ಮೇಲೆ ತಿರುಗುವುದು) ಒಂದು ಸುತ್ತು ಶುದ್ಧವಾಗಿದ್ದರೆ ಸಾಕು, ಅಡ್ಡಾದಿಡ್ಡಿಯಾದ ಎರಡಕ್ಕಿಂತ ಅದು ಮೇಲು.

ಕಾಲದ ಲೆಕ್ಕ ಹೀಗಿದೆ. ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಜಾಲತಾಣ) ಆಗಸ್ಟ್ 1ಕ್ಕೆ ತೆರೆಯುತ್ತದೆ. ಬಹುತೇಕ ಮ್ಯೂಸಿಕಲ್ ಥಿಯೇಟರ್ ಕೋರ್ಸ್‌ಗಳೂ ಹಲವು ಆ್ಯಕ್ಟಿಂಗ್ ಕೋರ್ಸ್‌ಗಳೂ ಮೊದಲು ಪ್ರೀಸ್ಕ್ರೀನ್, ಅಂದರೆ ನೇರ ಆಡಿಷನ್‌ಗೆ ಯಾರನ್ನು ಕರೆಯಬೇಕೆಂದು ಸೋಸುವ ವಿಡಿಯೊ ಕೇಳುತ್ತವೆ. ಎಷ್ಟೋ ಶಾಲೆಗಳು ಅದನ್ನು ಆ್ಯಕ್ಸೆಪ್ಟ್‌ಡ್ ಎಂಬ ಪೋರ್ಟಲ್‌ನಲ್ಲಿ ತೆಗೆದುಕೊಳ್ಳುತ್ತವೆ. ಗಡುವು ಹೆಚ್ಚಾಗಿ ಅಕ್ಟೋಬರ್‌ನಿಂದ ಡಿಸೆಂಬರ್ ಆರಂಭದೊಳಗೆ. ಪಾಸಾದವರಿಗೆ ಚಳಿಗಾಲದಲ್ಲಿ ನೇರ ಆಡಿಷನ್. ಹಲವು ಕಾಲೇಜುಗಳು ಒಟ್ಟಿಗೆ ಬಂದು ನ್ಯೂಯಾರ್ಕ್, ಶಿಕಾಗೊ, ಲಾಸ್ ಏಂಜಲೀಸ್‌ಗಳಲ್ಲಿ ನಡೆಸುವ ಯೂನಿಫೈಡ್ಸ್ ಜನವರಿ, ಫೆಬ್ರವರಿಯಲ್ಲಿ. ಸೀಟು ಒಪ್ಪಿಕೊಳ್ಳುವ ಕೊನೆಯ ದಿನ ಸಾಮಾನ್ಯವಾಗಿ ಮೇ 1.

ಆ್ಯಕ್ಟಿಂಗ್‌ಗೆ ಬೇಕಾದ್ದು ಒಂದಕ್ಕೊಂದು ವ್ಯತಿರಿಕ್ತವಾದ ಎರಡು ಮಾನೋಲಾಗ್ (ಒಂದೇ ಪಾತ್ರದ ಮಾತು), ತಲಾ 60ರಿಂದ 90 ಸೆಕೆಂಡ್. ಕೆಲವು ಕಡೆ ಒಂದು ಶೇಕ್ಸ್‌ಪಿಯರ್ ಕಡ್ಡಾಯ. ಪ್ರಕಟವಾದ ನಾಟಕದಿಂದಲೇ ಇರಬೇಕು, ಮಗುವಿನ ವಯಸ್ಸಿಗೆ ಹತ್ತಿರದ ಪಾತ್ರವಾಗಿರಬೇಕು, ಇಡೀ ನಾಟಕ ಓದಿರಬೇಕು. ‘ಈ ಮಾತಿಗೆ ಮುಂಚೆ ಏನಾಯಿತು?’ ಎಂದು ಕೇಳಿಯೇ ಕೇಳುತ್ತಾರೆ. ಶೇಕ್ಸ್‌ಪಿಯರ್ ಎಂದ ಕೂಡಲೇ ಬ್ರಿಟಿಷ್ ಉಚ್ಚಾರಣೆ ಹಾಕುವುದು ಬೇಡ, ಸ್ವಂತ ಧ್ವನಿಯಲ್ಲೇ ಹೇಳಬೇಕು. ಮ್ಯೂಸಿಕಲ್ ಥಿಯೇಟರ್‌ಗೆ ಇದರ ಮೇಲೆ ಎರಡು ಹಾಡಿನ ತುಣುಕು, ಒಂದು ಹಳೆಯ ಕಾಲದ್ದು, ಒಂದು ಹೊಸದು. ಜೊತೆಗೆ ನೃತ್ಯದ ವಿಡಿಯೊ. ಕೆಲವರು ‘ವೈಲ್ಡ್ ಕಾರ್ಡ್’ ಎಂದು ಒಂದು ನಿಮಿಷ ನಿಮ್ಮಿಷ್ಟದ ಏನನ್ನಾದರೂ ಕೇಳುತ್ತಾರೆ. ಕೊನ್ನಕ್ಕೋಲ್ (ಬಾಯಲ್ಲಿ ತಾಳದ ಜತಿ ನುಡಿಯುವುದು), ಯಕ್ಷಗಾನದ ಒಂದು ಒಡ್ಡೋಲಗದ ಹೆಜ್ಜೆ, ರಂಗಗೀತೆ, ಇವಕ್ಕೆಲ್ಲ ಜಾಗ ಅದೇ. ನಮ್ಮ ಕಂಪನಿ ನಾಟಕಗಳ ನಟರು ಹಾಡನ್ನೂ ಮಾತನ್ನೂ ಬೇರೆ ವಿದ್ಯೆ ಎಂದುಕೊಂಡವರೇ ಅಲ್ಲ. ಆ ಪರಂಪರೆಯಿಂದ ಒಂದು ನಿಮಿಷವನ್ನು ಹೆಮ್ಮೆಯಿಂದಲೇ ತೋರಿಸಬಹುದು.

ವಿಡಿಯೊ ಕೆಡುವುದು ಸಣ್ಣ ಕಾರಣಗಳಿಗೆ. ಫೋನ್ ಅಡ್ಡ ಹಿಡಿದಿರಬೇಕು. ಮಾನೋಲಾಗ್‌ಗೆ ಸೊಂಟದ ಮೇಲಿನ ಚೌಕಟ್ಟು, ನೃತ್ಯಕ್ಕೆ ತಲೆಯಿಂದ ಪಾದದವರೆಗೆ. ಟ್ರ್ಯಾಕ್ ನುಡಿಸುವ ಸ್ಪೀಕರ್ ಫೋನಿನ ಪಕ್ಕದಲ್ಲಿದ್ದರೆ ಪಿಯಾನೊ ಧ್ವನಿಯನ್ನು ನುಂಗುತ್ತದೆ. ಅದನ್ನು ಹಾಡುವವರ ಕಡೆಗೆ, ಕ್ಯಾಮೆರಾದಿಂದ ದೂರ ಇಡಿ. ದೃಷ್ಟಿ ಲೆನ್ಸ್‌ನ ಪಕ್ಕದ ಒಂದು ಬಿಂದುವಿಗೆ. ಶಾಲೆ ಎಡಿಟಿಂಗ್ ಬೇಡ ಎಂದಿದ್ದರೆ ಒಂದು ಕತ್ತರಿಯೂ ಬೇಡ.

ನೇರ ಆಡಿಷನ್‌ನಲ್ಲಿ ನಮ್ಮ ಮಕ್ಕಳು ಹೆಚ್ಚು ಎಡವುವುದು ಪಿಯಾನೊ ಹತ್ತಿರ. ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿ ಮನೆ ಬದಲಿಸುವ ರೂಢಿಯವರು ಪಿಯಾನಿಸ್ಟ್‌ಗೂ ‘ಒಂದು ಮನೆ ಇಳಿಸಿ’ ಎಂದುಬಿಡುತ್ತಾರೆ. ಹಾಗೆ ಕೇಳಬಾರದು. ನಿಮ್ಮ ಕೀಯಲ್ಲೇ ಮುದ್ರಿಸಿದ ಶೀಟ್ ಮ್ಯೂಸಿಕ್ ಬೈಂಡರ್‌ನಲ್ಲಿರಬೇಕು. ಹೊಳೆಯುವ ಪ್ಲಾಸ್ಟಿಕ್ ಹಾಳೆ ಬೇಡ, ದೀಪಕ್ಕೆ ಮಿಂಚಿ ಸ್ವರಗಳು ಕಾಣಿಸುವುದಿಲ್ಲ. ತುಣುಕಿನ ಆರಂಭ, ಅಂತ್ಯ ಎರಡನ್ನೂ ಪೆನ್ಸಿಲ್‌ನಲ್ಲಿ ದಪ್ಪಗೆ ಗುರುತು ಮಾಡಿ, ಬಿಟ್ಟ ಭಾಗವನ್ನು ಪೂರ್ತಿ ಹೊಡೆದುಹಾಕಿ, ಪುಟ ತಿರುವುವುದು ಆದಷ್ಟು ಕಡಿಮೆ ಇರುವಂತೆ ಜೋಡಿಸಿ. ಗತಿ ಹೇಳಲು ಚಿಟಿಕೆ ಹೊಡೆಯಬೇಡಿ, ಮೊದಲ ಎರಡು ಸಾಲನ್ನು ಮೆಲುದನಿಯಲ್ಲಿ ಹಾಡಿ ತೋರಿಸಿ. ಆಮೇಲೆ ಥ್ಯಾಂಕ್ಸ್ ಹೇಳಿ ಕೋಣೆಯ ಮಧ್ಯಕ್ಕೆ ಹೋಗಿ.

ಎರಡಕ್ಕೂ ಅರ್ಜಿ ಹಾಕಬಹುದೇ? ಹಾಕಬಹುದು. 1914ರಲ್ಲೇ ನಾಟಕದ ಪದವಿ ಶುರು ಮಾಡಿದ ಕಾರ್ನೆಗಿ ಮೆಲನ್‌ನಲ್ಲಿ ಎರಡೂ ಒಂದೇ ಶಾಲೆಯೊಳಗಿವೆ. ಮಿಶಿಗನ್‌ನಲ್ಲಿ ಎರಡಕ್ಕೂ ಬೇರೆ ಬೇರೆ ವಿಭಾಗ. ನ್ಯೂಯಾರ್ಕ್ ವಿಶ್ವವಿದ್ಯಾಲಯದ (ಎನ್‌ವೈಯು) ಟಿಶ್‌ನಲ್ಲಿ ಡಿಗ್ರಿ ಒಂದೇ, ಆಡಿಷನ್ ನೋಡಿ ಅವರೇ ಸ್ಟುಡಿಯೊ ಎಂಬ ತರಬೇತಿ ಘಟಕಕ್ಕೆ ಹಾಕುತ್ತಾರೆ. ಮ್ಯೂಸಿಕಲ್ ಥಿಯೇಟರ್‌ನದು ನ್ಯೂ ಸ್ಟುಡಿಯೊ ಆನ್ ಬ್ರಾಡ್‌ವೇ, ನಟನೆಯವು ಆ್ಯಡ್ಲರ್, ಅಟ್ಲಾಂಟಿಕ್ ಮುಂತಾದವು. ಜೂಲಿಯಾರ್ಡ್‌ನಲ್ಲಿ ಮ್ಯೂಸಿಕಲ್ ಥಿಯೇಟರ್ ಡಿಗ್ರಿಯೇ ಇಲ್ಲ. ನ್ಯೂಜೆರ್ಸಿಯವರಿಗೆ ರಾಜ್ಯದ ಫೀಸಿನಲ್ಲೇ ಮಾಂಟ್‌ಕ್ಲೇರ್ ಸ್ಟೇಟ್‌ನಲ್ಲಿ ಎರಡೂ ಇವೆ, ರಟ್ಗರ್ಸ್‌ನಲ್ಲಿ ಗಟ್ಟಿಯಾದ ಆ್ಯಕ್ಟಿಂಗ್ ಬಿಎಫ್‌ಎ ಇದೆ. ಹೆಸರಾಂತ ಕೋರ್ಸ್‌ಗಳಲ್ಲಿ ಸೀಟು ಇಪ್ಪತ್ತರ ಆಸುಪಾಸು, ಅರ್ಜಿಗಳು ಸಾವಿರದ ಮೇಲೆ. ಆದ್ದರಿಂದ ಪಟ್ಟಿಯಲ್ಲಿ ಆಡಿಷನ್ ಇಲ್ಲದ ಎರಡು ಕಾಲೇಜಾದರೂ ಇರಲಿ. ಒಳಗೆ ಸೇರಿದ ಮೇಲೆ ಆ್ಯಕ್ಟಿಂಗ್‌ನಿಂದ ಮ್ಯೂಸಿಕಲ್‌ಗೆ ಬದಲಾಯಿಸಿಕೊಳ್ಳೋಣ ಎಂಬ ಯೋಜನೆ ಮಾತ್ರ ಬೇಡ. ಬಹುತೇಕ ಕಡೆ ಮತ್ತೆ ಆಡಿಷನ್ ಕೊಟ್ಟು ಮೊದಲ ವರ್ಷದಿಂದಲೇ ಶುರು ಮಾಡಬೇಕಾಗುತ್ತದೆ.

ಬೆಂಗಳೂರು, ಮೈಸೂರಿನಿಂದ ನೇರ ಹೋಗುವವರಿಗೆ ವೀಸಾ ಲೆಕ್ಕವೂ ಇದೆ. ಎಫ್‌-1 ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಆಮೇಲೆ 12 ತಿಂಗಳ ಒಪಿಟಿ, ಅಂದರೆ ಅಲ್ಲೇ ಕೆಲಸ ಮಾಡುವ ಅನುಮತಿ ಸಿಗುತ್ತದೆ. ಎಂಜಿನಿಯರಿಂಗ್‌ನವರಿಗೆ ಸಿಗುವ 24 ತಿಂಗಳ ವಿಸ್ತರಣೆ ಈ ಡಿಗ್ರಿಗಳಿಗಿಲ್ಲ. ಈ ಓದಿಗೆ ಸಾಲ ಮಾಡುವ ಮೊದಲು ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದ ಡಿಪ್ಲೊಮಾ ಮಾಡಿ, ನಟನೆ ನಿಜಕ್ಕೂ ಬೇಕೇ ಎಂದು ನೋಡಿಕೊಳ್ಳುವುದು ಒಳ್ಳೆಯ ದಾರಿ ಎಂದೇ ನಾನು ಹೇಳುವುದು.

ಸೀಟು ಬಂದ ಮೇಲೆ ಏಪ್ರಿಲ್‌ನಲ್ಲಿ ಕ್ಯಾಂಪಸ್‌ಗೆ ಹೋದಾಗ ಮೂರನೇ ವರ್ಷದ ವಿದ್ಯಾರ್ಥಿಗಳ ಬಳಿ, ಅಧ್ಯಾಪಕರು ಇಲ್ಲದಾಗ, ಇವನ್ನು ಕೇಳಿ: ಸೇರಿದವರಲ್ಲಿ ಎಷ್ಟು ಜನ ಇನ್ನೂ ತರಗತಿಯಲ್ಲಿದ್ದಾರೆ, ಎರಡನೇ ವರ್ಷದ ಕೊನೆಗೆ ಯಾರನ್ನಾದರೂ ತೆಗೆಯುತ್ತಾರಾ? ಮೊದಲ ವರ್ಷದವರಿಗೆ ರಂಗಕ್ಕೆ ಬರಲು ಬಿಡುತ್ತಾರಾ? ಹಾಡಿನ ಪಾಠ ಅರ್ಧ ಗಂಟೆಯೋ, ಒಂದು ಗಂಟೆಯೋ? ಆ್ಯಕ್ಟಿಂಗ್‌ನವರನ್ನು ಮ್ಯೂಸಿಕಲ್‌ನಲ್ಲಿ, ಮ್ಯೂಸಿಕಲ್‌ನವರನ್ನು ನಾಟಕದಲ್ಲಿ ಹಾಕುತ್ತಾರಾ? ಭಾರತೀಯ ಮೂಲದ ವಿದ್ಯಾರ್ಥಿಗೆ ಕಳೆದ ವರ್ಷ ಯಾವ ಪಾತ್ರ ಸಿಕ್ಕಿತು? ಕೊನೆಯ ವರ್ಷದ ಶೋಕೇಸ್ ಪ್ರದರ್ಶನಕ್ಕೆ ಏಜೆಂಟರು ಬರುತ್ತಾರಾ, ಅಲ್ಲಿಗೆ ವಿದ್ಯಾರ್ಥಿಗಳು ಹೋಗುವ ಪ್ರಯಾಣದ ಖರ್ಚು ಯಾರದು?