ಕೂಲರ್ ಆಮೇಲೆ ತಗೊಳ್ಳಿ, ಮೊದಲು ಗಾಳಿಗೆ ದಾರಿ ಬಿಡಿ

ಹಾಸನಕ್ಕೆ ಬಡವರ ಊಟಿ ಅಂತ ಹೆಸರು. ತಂಪು ಊರು ಅಂದುಕೊಂಡು ನಮ್ಮಲ್ಲಿ ಯಾರೂ ಕಂಪ್ಯೂಟರಿನ ಬಿಸಿ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಯುಗಾದಿ ಕಳೆದ ಮೇಲೆ ಭರಣಿ ಮಳೆ ಬೀಳುವವರೆಗೆ ತಾರಸಿ ಕೆಳಗಿನ ರೂಮಿನಲ್ಲಿ ಒಂದು ಸಂಜೆ ಕೂತು ನೋಡಿ. ಹಗಲೆಲ್ಲ ಕಾದ ತಾರಸಿ ರಾತ್ರಿ ಊಟದ ಹೊತ್ತಿನವರೆಗೂ ಬಿಸಿ ಬಿಡುತ್ತಲೇ ಇರುತ್ತದೆ. ನನ್ನ ಕೆಲಸ ಮದುವೆ ವಿಡಿಯೋ ಎಡಿಟಿಂಗ್. ಮದುವೆ ಸೀಸನ್ನೂ ಇದೇ ಹೊತ್ತಿಗೆ ಬರುವುದರಿಂದ, ವರ್ಷದಲ್ಲೇ ಜಾಸ್ತಿ ಸೆಕೆ ಇರುವಾಗ ನನ್ನ ಸಿಸ್ಟಂಗೆ ಜಾಸ್ತಿ ರೆಂಡರ್ ಕೆಲಸ, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಮಾಡಿ ತೆಗೆಯುವ ಕೆಲಸ.

ಅದಕ್ಕೇ ಈ ವಿಷಯದಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ದುಡ್ಡು ಹಾಕಿ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್ಪು) ಮೇಲೆ ಕೂರುವ ದೊಡ್ಡ ಕೂಲರ್ ತರುವ ಮೊದಲು ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ನೋಡಿ. ಕೂಲರ್ ತಂಪನ್ನು ಹುಟ್ಟಿಸುವುದಿಲ್ಲ. ಪ್ರೊಸೆಸರಿನ ಬಿಸಿಯನ್ನು ತೆಗೆದು ಪಕ್ಕದ ಗಾಳಿಗೆ ಸೇರಿಸುತ್ತದೆ, ಅಷ್ಟೇ. ಆ ಗಾಳಿ ಕ್ಯಾಬಿನೆಟ್ ಒಳಗೇ ಸುತ್ತುತ್ತಿದ್ದರೆ ಎಷ್ಟು ಸಾವಿರದ ಕೂಲರ್ ಹಾಕಿದರೂ ಪ್ರಯೋಜನ ಇಲ್ಲ. ನೀರು ಹರಿಸುವ ಕೂಲರಿಗೂ ಇದೇ ಮಾತು, ರೂಮಿನ ಗಾಳಿಗಿಂತ ತಣ್ಣಗೆ ಮಾಡಲು ಅದಕ್ಕೂ ಆಗುವುದಿಲ್ಲ. ರೂಮು ಐದು ಡಿಗ್ರಿ ಏರಿದರೆ ಒಳಗಿನ ಚಿಪ್ಪೂ ಹೆಚ್ಚುಕಡಿಮೆ ಐದು ಡಿಗ್ರಿ ಏರುತ್ತದೆ. ಡಿಸೆಂಬರಿನಲ್ಲಿ ಆರಾಮಾಗಿದ್ದ ಕಂಪ್ಯೂಟರ್ ಏಪ್ರಿಲಿನಲ್ಲಿ ಒದ್ದಾಡುವುದು ಇದಕ್ಕೇ.

ಹೊಳೆನರಸೀಪುರದಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ಗೇಮ್ ಶುರುವಿನಲ್ಲಿ ಚೆನ್ನಾಗಿ ಓಡುತ್ತೆ, ಆಮೇಲೆ ಎಳೆಯೋಕೆ ಶುರು ಮಾಡುತ್ತೆ. ಕೂಲರ್ ಬದಲಾಯಿಸಿಬಿಡ್ಲಾ?" ಏನೂ ತಗೋಬೇಡ, ನಾನು ಬರ್ತೀನಿ ಅಂದೆ. ಹೋದವನು ಮೊದಲು ಚಿಪ್ಪಿನ ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ಹಾಕಿ ಗೇಮ್ ಓಡಿಸಲು ಹೇಳಿದೆ. ಇಂಟೆಲ್ ಪ್ರೊಸೆಸರ್, ನೋಡ್ತಾ ನೋಡ್ತಾ 100 ಡಿಗ್ರಿ ಮುಟ್ಟಿ ಅಲ್ಲೇ ನಿಂತಿತು. ಈಚಿನ ಬಹಳಷ್ಟು ಇಂಟೆಲ್ ಡೆಸ್ಕ್‌ಟಾಪ್ ಚಿಪ್ಪುಗಳಿಗೆ ಅದೇ ಗಡಿ. ಅಲ್ಲಿಗೆ ಬಂದ ಕೂಡಲೇ ಸುಟ್ಟುಹೋಗುವುದಿಲ್ಲ, ತನ್ನ ವೇಗವನ್ನು ತಾನೇ ಇಳಿಸಿಕೊಂಡು ಬದುಕಿಕೊಳ್ಳುತ್ತದೆ. ಹುಡುಗನಿಗೆ ಗೇಮ್ ಎಳೆಯುತ್ತದೆ ಅನ್ನಿಸಿದ್ದು ಅದರಿಂದಲೇ. ಎಎಂಡಿ ಕಂಪನಿಯ ರೈಜೆನ್ 7000 ಸರಣಿಯ ಬಹಳಷ್ಟು ಡೆಸ್ಕ್‌ಟಾಪ್ ಚಿಪ್ಪುಗಳನ್ನು ಮಾತ್ರ ಭಾರಿ ಕೆಲಸದಲ್ಲಿ 95 ಡಿಗ್ರಿವರೆಗೆ ಹೋಗುವ ಹಾಗೇ ಮಾಡಿದ್ದಾರೆ, ಅವುಗಳಲ್ಲಿ ಆ ಅಂಕಿ ನೋಡಿ ಗಾಬರಿಯಾಗಬೇಡಿ.

ಅವನ ಕ್ಯಾಬಿನೆಟ್ ಇದ್ದದ್ದು ಕಂಪ್ಯೂಟರ್ ಟೇಬಲ್ಲಿನ ಕೆಳಗಿನ ಗೂಡಿನಲ್ಲಿ. ಮುಂದೆ ಬಾಗಿಲು, ಹಿಂದೆ ಪ್ಲೈವುಡ್ ಹಲಗೆ, ವೈರಿಗೆ ಒಂದು ತೂತು. ಹಿಂದಿನ ಫ್ಯಾನ್ ತಳ್ಳಿದ ಬಿಸಿ ಗಾಳಿ ಹಲಗೆಗೆ ಬಡಿದು, ಪಕ್ಕದಿಂದ ಮುಂದಕ್ಕೆ ಬಂದು, ಮತ್ತೆ ಒಳಗೇ ಹೋಗುತ್ತಿತ್ತು. ಇಂಥ ಟೇಬಲ್ ನಮ್ಮ ಕಡೆ ಎಷ್ಟೋ ಮನೆಗಳಲ್ಲಿವೆ. ದಯವಿಟ್ಟು ಕ್ಯಾಬಿನೆಟ್ಟನ್ನು ಅದರಿಂದ ಈಚೆ ತೆಗೆಯಿರಿ. ನೆಲದ ಧೂಳು ಎಳೆಯದ ಹಾಗೆ ಒಂದು ಗಿಡ್ಡ ಸ್ಟೂಲ್ ಮೇಲಿಟ್ಟು, ಹಿಂದೆ ಗೋಡೆಯಿಂದ ಒಂದು ಗೇಣು ಜಾಗ ಬಿಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆಮೇಲೆ ಪ್ಲಗ್ ಕಿತ್ತು ಪಕ್ಕದ ಬಾಗಿಲು ತೆಗೆದೆವು. ಮೇಲಿಂದ ನೋಡಿದರೆ ಕೂಲರ್ ಫ್ಯಾನಿನ ಎಸಳುಗಳ ಮೇಲೆ ತೆಳ್ಳಗೆ ಧೂಳು, ಅಂಥದ್ದೇನಿಲ್ಲ ಅನ್ನಿಸುತ್ತದೆ. ಫ್ಯಾನನ್ನು ಬಿಚ್ಚಿ ಎತ್ತಿದಾಗ ಗೊತ್ತಾಯಿತು. ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ಸಂದಿ ಒಂದೂ ಕಾಣಿಸುತ್ತಿರಲಿಲ್ಲ. ಕೂದಲು, ಬಟ್ಟೆ ನಾರು, ಕೆಮ್ಮಣ್ಣಿನ ಧೂಳು ಸೇರಿ ಕಂದು ಬಣ್ಣದ ಒಂದು ಪದರ ಗಟ್ಟಿಯಾಗಿ ಕೂತಿತ್ತು. ತುದಿ ಹಿಡಿದು ಮೆಲ್ಲಗೆ ಎಳೆದರೆ ಇಡೀ ಪದರ ಒಟ್ಟಿಗೇ ಎದ್ದು ಬಂತು. ಒಕ್ಕಣೆ ಕಾಲದಲ್ಲಿ ಹೊಟ್ಟು ಕಟ್ಟಿಕೊಂಡ ಟ್ರ್ಯಾಕ್ಟರ್ ರೇಡಿಯೇಟರ್ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ: ಎಂಜಿನ್ ಸರಿಯಿದೆ, ಫ್ಯಾನ್ ತಿರುಗುತ್ತಿದೆ, ಆದರೂ ಕುದಿಯುತ್ತದೆ. ಹಾಗಾಗಿ ಕೂಲರನ್ನು ಮೇಲೆ ಮೇಲೆ ಒರೆಸಿ ಬಿಡಬೇಡಿ, ಫ್ಯಾನ್ ಎತ್ತಿ ಕೆಳಗೆ ನೋಡಲೇಬೇಕು.

ಕ್ಲೀನ್ ಮಾಡಲು ಒಣ ಪೈಂಟ್ ಬ್ರಷ್, ಕೈಯಲ್ಲಿ ಹಿಡಿಯುವ ಬ್ಲೋವರ್ ಸಾಕು. ಊದುವಾಗ ಫ್ಯಾನಿನ ಎಸಳನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಸುಮ್ನೆ ಬಿಟ್ಟರೆ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಗೆ ಹೊತ್ತುಕೊಂಡು ಹೋಗಿ ಗಾಳಿ ಹೊಡೆಸುವವರಿದ್ದಾರೆ. ಅದು ಬೇಡ, ಆ ಟ್ಯಾಂಕಿನಲ್ಲಿ ನೀರಿನ ಪಸೆ ಇರುತ್ತದೆ. ಕೂಲರ್ ಪೂರ್ತಿ ಬಿಚ್ಚಿದರೆ ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೆ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಒಂದು ಕಾಳಿನಷ್ಟು ಹಾಕಿ. ಇಂಟೆಲ್ ಜೊತೆ ಬರುವ ಕೂಲರ್ ಆದರೆ ನಾಲ್ಕೂ ಪಿನ್ನುಗಳು ಟಕ್ ಅಂತ ಕೂತಿವೆಯಾ ನೋಡಿ. ಒಂದು ಸಡಿಲ ಇದ್ದರೂ ಮಾಡಿದ್ದೆಲ್ಲ ದಂಡ.

ಇನ್ನು ಫ್ಯಾನುಗಳ ದಿಕ್ಕು. ಮುಂದಿನವು ಒಳಗೆ ಎಳೆಯಬೇಕು, ಹಿಂದಿನದು ಮತ್ತು ಮೇಲಿನದು ಹೊರಗೆ ತಳ್ಳಬೇಕು. ಸಾಮಾನ್ಯವಾಗಿ ಫ್ಯಾನಿನ ಯಾವ ಮುಖದಲ್ಲಿ ಅಡ್ಡಪಟ್ಟಿಗಳಿವೆಯೋ ಆ ಕಡೆಗೆ ಗಾಳಿ ಹೋಗುತ್ತದೆ. ಅನುಮಾನ ಇದ್ದರೆ ಒಂದು ಊದುಬತ್ತಿ ಹಚ್ಚಿ ದೂರದಿಂದ ಹಿಡಿಯಿರಿ, ಹೊಗೆಯೇ ಹೇಳುತ್ತದೆ. ನಮ್ಮ ಧೂಳಿನ ಊರುಗಳಲ್ಲಿ ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇರುವುದೇ ಒಳ್ಳೆಯದು. ಆಗ ಸಂದಿಗೊಂದಿಯಿಂದ ಧೂಳು ನುಗ್ಗುವುದಿಲ್ಲ, ಬರುವುದೆಲ್ಲ ಮುಂದಿನ ಜಾಲರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಜಾಲರಿಯನ್ನು ನಲ್ಲಿ ಕೆಳಗೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ಹೊಸ ಕ್ಯಾಬಿನೆಟ್ ತರುವವರು ಮುಂದೆ ಗಾಜು ಇರುವುದನ್ನು ಬಿಟ್ಟು ಜಾಲರಿ ಇರುವುದನ್ನು ತನ್ನಿ. ನೋಡಲು ಗಾಜು ಚೆಂದ, ಆದರೆ ಗಾಳಿ ಹೋಗಬೇಕಲ್ವಾ?

ಗಾಳಿಯದೇ ತೊಂದರೆಯಾ ಅಂತ ಪರೀಕ್ಷೆ ಮಾಡಲು ಸುಲಭದ ದಾರಿ ಇದೆ. ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಕೆಲಸ ಓಡಿಸಿ. ಬಿಸಿ ತುಂಬಾ ಇಳಿದರೆ ಕ್ಯಾಬಿನೆಟ್ಟಿಗೆ ಉಸಿರು ಕಟ್ಟಿದೆ ಅಂತ ಅರ್ಥ. ಇಳಿಯದಿದ್ದರೆ ಕೂಲರ್ ಅಥವಾ ಪೇಸ್ಟ್ ಕಡೆ ನೋಡಿ. ಪರೀಕ್ಷೆ ಮುಗಿದ ಮೇಲೆ ಬಾಗಿಲು ಮುಚ್ಚಿಬಿಡಿ. ತೆರೆದಿಟ್ಟರೆ ಧೂಳು ಮಾತ್ರ ಅಲ್ಲ, ಜಿರಳೆ, ಹಲ್ಲಿ, ಮೊದಲ ಮಳೆಯ ರೆಕ್ಕೆ ಹುಳ ಎಲ್ಲ ಒಳಗೆ ಸೇರಿಕೊಳ್ಳುತ್ತವೆ.

ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಕಂಪ್ಯೂಟರ್ ಎಳೆಯುವ 300 ವ್ಯಾಟ್ ಕೊನೆಗೆ 300 ವ್ಯಾಟ್ ಬಿಸಿಯಾಗಿ ನಿಮ್ಮ ರೂಮಿಗೇ ಬರುತ್ತದೆ. 60 ಹರ್ಟ್ಸ್ ಮಾನಿಟರ್ ಇದ್ದರೆ ಗೇಮನ್ನು ಸೆಕೆಂಡಿಗೆ 60 ಫ್ರೇಮಿಗೆ ಕಟ್ಟಿಹಾಕಿ. ಗ್ರಾಫಿಕ್ಸ್ ಕಾರ್ಡ್ ಎಳೆಯುವ ಕರೆಂಟಿನ ಮಿತಿಯನ್ನು (ಪವರ್ ಲಿಮಿಟ್) ಆಫ್ಟರ್‌ಬರ್ನರ್ ಸಾಫ್ಟ್‌ವೇರಿನಲ್ಲಿ 80 ಪರ್ಸೆಂಟಿಗೆ ಇಳಿಸಿ ನೋಡಿ, ವೇಗ ಅಷ್ಟೇನೂ ಬೀಳುವುದಿಲ್ಲ, ಫ್ಯಾನ್ ಗಲಾಟೆ ಕಡಿಮೆಯಾಗುತ್ತದೆ. ಅಕ್ಕನ ಮಗನ ಸಿಸ್ಟಂನಲ್ಲಿ ಕೂಲರ್ ಹಳೆಯದೇ ಇದೆ. ಈಗ ಅದೇ ಗೇಮಿಗೆ 80 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತದೆ.

ನನ್ನ ದೊಡ್ಡ ರೆಂಡರುಗಳನ್ನೆಲ್ಲ ರಾತ್ರಿ ಮಲಗುವ ಮುಂಚೆ, ಕಿಟಕಿ ತೆಗೆದಿಟ್ಟು ಶುರು ಮಾಡುತ್ತೇನೆ. ಹಾಸನದ ರಾತ್ರಿ ಈಗಲೂ ತಣ್ಣಗಿರುತ್ತದೆ, ಆ ಗಾಳಿ ಪುಕ್ಕಟೆ ಸಿಗುತ್ತದೆ. ಸಂಜೆ ಹೊತ್ತಿಗೆ ಇಟ್ಟುಕೊಂಡರೆ ಸೆಕೆಯ ಜೊತೆ ಗುಡುಗಿನ ಕಾಟ ಬೇರೆ. ಗುಡುಗು ಶುರುವಾಗುವ ಮೊದಲೇ ಕೆಲಸ ನಿಲ್ಲಿಸಿ ಪ್ಲಗ್ ಕಿತ್ತಿಡಿ, ಲ್ಯಾನ್ ಕೇಬಲ್ಲನ್ನೂ ಮರೆಯಬೇಡಿ.