ಅನಿಮೆಗೆ ಮಕ್ಕಳ ಸ್ಲಾಟ್ ಕೊಡಬೇಡಿ

ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ಪ್ರೋಗ್ರಾಮಿಂಗ್, ಅಂದರೆ ಯಾವ ಸಿನಿಮಾ ಯಾವ ಸ್ಕ್ರೀನಿನಲ್ಲಿ ಯಾವ ಹೊತ್ತಿಗೆ ಅಂತ ಹೊಂದಿಸುವುದು, ನನ್ನ ಕೆಲಸ. 2025ರ ಸೆಪ್ಟೆಂಬರ್ 12ರಂದು ಅನಿಮೆ (ಜಪಾನಿನ ಅನಿಮೇಷನ್) ಸಿನಿಮಾ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕಾಸಲ್’ ಇಲ್ಲಿ ಬಿಡುಗಡೆಯಾದ ದಿನ ನಮ್ಮಲ್ಲಿ ಆದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಜಪಾನ್‌ನಲ್ಲಿ ಸಿನಿಮಾ ಜುಲೈ 18ಕ್ಕೇ ಬಂದಿತ್ತು. ಇಲ್ಲಿನ ಹುಡುಗರು ಕಾದು ಕಾದು ಸಾಕಾಗಿದ್ದರು. ಹೆಡ್ ಆಫೀಸಿನಿಂದ ಬಂದ ಮೇಲ್ ನೋಡಿ: ಅನಿಮೇಷನ್, ಫ್ಯಾಮಿಲಿ ಸ್ಲಾಟ್, ಆಡಿ 1ರಲ್ಲಿ (ನಮ್ಮ ದೊಡ್ಡ ಹಾಲ್) ಹಿಂದಿ ಡಬ್. ಇಂಗ್ಲಿಷ್ ಸಬ್‌ಟೈಟಲ್ ಇರುವ ಜಪಾನೀಸ್ ವರ್ಷನ್‌ಗೆ ಮೂಲೆಯ ಚಿಕ್ಕ ಆಡಿ, ಅದೂ ರಾತ್ರಿ. ಕಾಂಬೊಗೆ ಮಕ್ಕಳ ಸೈಜಿನ ಪಾಪ್‌ಕಾರ್ನ್.

ಇದು ತಲೆ ಉರುಳುವ ಕತೆ, ಎರಡೂವರೆ ಗಂಟೆಗೂ ಜಾಸ್ತಿ ಇದೆ, ಬರೋರು ಕಾಲೇಜು ಹುಡುಗರು, ಜಪಾನೀಸ್‌ನಲ್ಲೇ ನೋಡ್ತಾರೆ ಅಂತ ಬರೆದೆ. ‘ಕಾರ್ಟೂನ್ ಅಲ್ವಾ, ಸಬ್‌ಟೈಟಲ್ ಯಾರು ಓದ್ತಾರೆ?’ ಅಂತ ಉತ್ತರ ಬಂತು.

ಅಡ್ವಾನ್ಸ್ ತೆರೆದಾಗ ಚಿಕ್ಕ ಆಡಿ ನೋಡನೋಡುತ್ತಲೇ ಫುಲ್. ಹಿಂದಿ ಶೋಗಳ ಸೀಟ್ ಮ್ಯಾಪ್ ಖಾಲಿ ಹೊಡೆಯುತ್ತಿತ್ತು. ಗುರುವಾರ ಸಂಜೆ ಕೊನೆಗೂ ಒಪ್ಪಿದರು: ಆಡಿ 1ರ ಮೊದಲ ಶೋ ಜಪಾನೀಸ್. ಆ್ಯಪ್‌ನಲ್ಲಿ ಭಾಷೆ ಬದಲಾಯಿತು, ಟಿಕೆಟ್ ಹೋದವು. ಆದರೆ ಆಡಿ 1ರ ಸರ್ವರ್‌ಗೆ ಜಪಾನೀಸ್ ಕೆಡಿಎಂ (ಲಾಕ್ ಆದ ಸಿನಿಮಾ ಫೈಲ್ ತೆರೆಯುವ ಡಿಜಿಟಲ್ ಕೀ) ಕೇಳುವ ಮೇಲ್ ಯಾರದೋ ಔಟ್‌ಬಾಕ್ಸ್‌ನಲ್ಲೇ ಕೂತಿತ್ತು. ಪ್ಲೇಲಿಸ್ಟ್‌ನಲ್ಲೂ ಹಳೆಯ ಹಿಂದಿ ಸಿಪಿಎಲ್ (ಯಾವ ವರ್ಷನ್ ಓಡಬೇಕು ಅಂತ ಸರ್ವರ್‌ಗೆ ಹೇಳುವ ಫೈಲ್) ಹಾಗೇ ಇತ್ತು.

ಶುಕ್ರವಾರ ಬೆಳಿಗ್ಗೆ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಸಿನಿಮಾದ ನಾಯಕನ ಹಾಗೆ ಹಸಿರು–ಕಪ್ಪು ಚೌಕಳಿಯ ಹಾವೊರಿ (ಜಪಾನಿ ಮೇಲಂಗಿ) ಹಾಕಿಕೊಂಡು ಬಂದಿದ್ದ. ಅಂಚಿನ ಹೊಲಿಗೆ ಸೊಟ್ಟಪಟ್ಟ, ಮನೆಯಲ್ಲೇ ಹೊಲಿದದ್ದು ಅಂತ ಗೊತ್ತಾಗುತ್ತಿತ್ತು. ದೀಪ ಆರಿತು, ಜಾಹೀರಾತು ಮುಗಿಯಿತು, ಸಿನಿಮಾ ಶುರುವಾಯಿತು. ಮೊದಲ ಮಾತೇ ಹಿಂದಿ.

ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಇಡೀ ಹಾಲ್ ಒಟ್ಟಿಗೆ ಕೂಗಿತು. ಡ್ಯೂಟಿ ಮ್ಯಾನೇಜರ್ ನನ್ನ ಕಡೆ ನೋಡಿದರು, ನಾನು ಬೂತ್‌ಗೆ ಓಡಿದೆ. ಕಂಟೆಂಟ್ ಸರ್ವರ್‌ನಲ್ಲೇ ಇದೆ, ಕೀ ಇಲ್ಲ. ಡಿಸ್ಟ್ರಿಬ್ಯೂಟರ್ ಕಡೆಯವರಿಗೆ ಫೋನ್. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಹೆಡ್ ಆಫೀಸಿಗೆ ಫೋನ್ ಮಾಡಿದರೆ, ‘ಹಿಂದಿಯಲ್ಲೇ ಓಡಿಸಿ, ಅಡ್ಜಸ್ಟ್ ಮಾಡ್ಕೋತಾರೆ’ ಅಂದರು. ನಾನು ಓಡಿಸಲಿಲ್ಲ. ಲೈಟ್ ಹಾಕಿಸಿ, ಪರದೆ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ: ತಪ್ಪು ನಮ್ಮದು, ಕೀ ಬರಬೇಕು, ಎಷ್ಟು ಹೊತ್ತು ಗೊತ್ತಿಲ್ಲ, ಬೇಕಾದವರಿಗೆ ದುಡ್ಡು ವಾಪಸ್.

ಅರ್ಧ ಹಾಲ್ ಎದ್ದು ಹೋಗುತ್ತದೆ ಅಂದುಕೊಂಡಿದ್ದೆ. ಎದ್ದವರು ಕೆಲವೇ ಮಂದಿ. ಹಾವೊರಿ ಹುಡುಗ, ‘ಕಾಯ್ತೀವಿ ಸರ್, ಮೊದಲಿಂದ ಹಾಕಿ’ ಅಂದ. ಒಬ್ಬ ತಂದೆ ಮಾತ್ರ ಪುಟ್ಟ ಮಗಳ ಜೊತೆ ಹೊರಟರು. ಮಕ್ಕಳ ಸಿನಿಮಾ ಅಂತ ನಮ್ಮ ಪೋಸ್ಟರ್ ಹೇಳಿತ್ತು ಅಂದರು. ಅವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಕೀ ಬಂತು, ಪೆನ್‌ಡ್ರೈವ್‌ನಿಂದ ಸರ್ವರ್‌ಗೆ ಹಾಕಿದರು, ಮೊದಲ ಜಪಾನೀಸ್ ಮಾತಿಗೆ ಶಿಳ್ಳೆಯೋ ಶಿಳ್ಳೆ.

ಈ ರೋಗ ನಮ್ಮ ಆಫೀಸಿನದು ಮಾತ್ರ ಅಲ್ಲ. ಜಪಾನಿನ ನಿರ್ದೇಶಕ ಮಿಯಾಝಾಕಿಯವರ ಅನಿಮೆ ‘ನೌಸಿಕಾ’ವನ್ನು 1985ರಲ್ಲಿ ಅಮೆರಿಕದಲ್ಲಿ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಕತ್ತರಿಸಿ, ಹೆಸರನ್ನೇ ಬದಲಿಸಿ ಬಿಟ್ಟರು. ಸಿನಿಮಾದಲ್ಲೇ ಇಲ್ಲದ ಗಂಡು ವೀರರನ್ನು ಪೋಸ್ಟರ್ ಮೇಲೆ ಬರೆಸಿದರು. ನಾಯಕಿ ಹುಡುಗಿ ಅಂದ್ರೆ ಜನ ಬರಲ್ಲ ಅನ್ನೋ ಹಾಗೆ! ಮಿಯಾಝಾಕಿಯವರ ಸ್ಟುಡಿಯೊ ಘಿಬ್ಲಿಯವರು ಆಮೇಲೆ ಹೊರದೇಶಕ್ಕೆ ಸಿನಿಮಾ ಕೊಡುವಾಗ ಒಂದು ಫ್ರೇಮ್ ಕತ್ತರಿಸಲೂ ಬಿಡಲಿಲ್ಲ. ಅದೇ ಸ್ಟುಡಿಯೊದ ‘ಸ್ಪಿರಿಟೆಡ್ ಅವೇ’ ಕತ್ತರಿ ಬೀಳದೆ ಹೋಗಿ 2003ರಲ್ಲಿ ಆಸ್ಕರ್ ತೆಗೆದುಕೊಂಡಿತು.

ನಮ್ಮ ದೇಶದಲ್ಲಂತೂ ಪ್ರೇಕ್ಷಕರು ಬಾಗಿಲು ಬಡಿದು ಕೇಳಿದ್ದಾರೆ. 2019ರಲ್ಲಿ ನಿರ್ದೇಶಕ ಶಿನ್ಕಾಯ್ ಅವರ ಅನಿಮೆ ‘ವೆದರಿಂಗ್ ವಿತ್ ಯೂ’ ಇಲ್ಲಿ ಬರಲಿ ಅಂತ ಆನ್‌ಲೈನ್ ಅರ್ಜಿಗೆ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಅಕ್ಟೋಬರ್‌ನಲ್ಲಿ ಬಂತು. ಇಂಥವರಿಗೆ ಮಾರ್ಕೆಟಿಂಗ್ ಅಂದ್ರೆ ಆಟಿಕೆ, ಬಲೂನ್ ಅಲ್ಲ. ಯಾವ ವರ್ಷನ್, ಯಾವ ಹೊತ್ತು, ಯಾವ ಸ್ಕ್ರೀನ್ ಅನ್ನೋದನ್ನು ಬೇಗ ಹೇಳಿ, ಹೇಳಿದ್ದನ್ನೇ ತೋರಿಸಿದರೆ ಉಳಿದದ್ದನ್ನು ಅವರೇ ವಾಟ್ಸಾಪ್‌ನಲ್ಲಿ ಮಾಡುತ್ತಾರೆ.

ಅವತ್ತು ಕೌಂಟರ್‌ನಲ್ಲಿ ‘ಕನ್ನಡದಲ್ಲಿ ಇಲ್ವಾ?’ ಅಂತ ಕೇಳಿದವರೂ ಇದ್ದರು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಡಬ್ ಬಂದಿತ್ತು, ಕನ್ನಡಕ್ಕೆ ಇಲ್ಲ. ಕೇಳಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲ, ಹಾಗಾಗಿ ಡಿಸ್ಟ್ರಿಬ್ಯೂಟರ್‌ಗೆ ಬೇಡಿಕೆಯೂ ಕಾಣುವುದಿಲ್ಲ. ಈಗ ಬಾಕ್ಸ್ ಆಫೀಸ್ ಹುಡುಗಿಯರಿಗೆ ಅದನ್ನೂ ಬರೆದಿಡಿ ಅಂದಿದ್ದೇನೆ. ವಾರದ ರಿಪೋರ್ಟ್‌ನಲ್ಲಿ ಅದಕ್ಕೆ ಕಾಲಂ ಇಲ್ಲ, ಕೆಳಗೆ ರಿಮಾರ್ಕ್ಸ್‌ನಲ್ಲಿ ಸೇರಿಸಿ ಕಳಿಸುತ್ತೇನೆ. ಕೀ ಬಂದಿದೆಯಾ ಅಂತ ಹಿಂದಿನ ದಿನವೇ ಬೂತ್‌ನಲ್ಲಿ ನಿಂತು ಪ್ಲೇ ಮಾಡಿಸುತ್ತೇನೆ. ಹೆಡ್ ಆಫೀಸಿನ ಸಿಸ್ಟಂನಲ್ಲಿ ಅನಿಮೆ ಇವತ್ತಿಗೂ ‘ಕಿಡ್ಸ್’ ಅಂತಲೇ ಇದೆ. ಅದನ್ನು ತೆಗೆಸುವ ತನಕ ಮೇಲ್ ಹಾಕುತ್ತಲೇ ಇರುತ್ತೇನೆ.