ತಾಂತ್ರಿಕ ಮಾರಾಟದ ಸಂದರ್ಶನ: ಡೆಮೊಗೆ ಮುಂಚಿನ ಹತ್ತು ನಿಮಿಷ

ಪ್ರೀಸೇಲ್ಸ್, ಸೇಲ್ಸ್ ಎಂಜಿನಿಯರ್, ಸಲ್ಯೂಷನ್ಸ್ ಕನ್ಸಲ್ಟೆಂಟ್ ಎಂದು ಕಂಪನಿಗೊಂದು ಹೆಸರಿನಿಂದ ಕರೆಸಿಕೊಳ್ಳುವ ಈ ಹುದ್ದೆಯ ಕೆಲಸ ಬಹುಮಟ್ಟಿಗೆ ಒಂದೇ. ವ್ಯವಹಾರವನ್ನು ಮುನ್ನಡೆಸುವ ಅಕೌಂಟ್ ಎಕ್ಸಿಕ್ಯುಟಿವ್ ಜೊತೆಗಿದ್ದು ಗ್ರಾಹಕರ ತಾಂತ್ರಿಕ ಸಂದೇಹಗಳನ್ನು ಪರಿಹರಿಸುವುದು ಮತ್ತು ಉತ್ಪನ್ನವು ಅವರ ವ್ಯವಸ್ಥೆಯಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆಂದು ತೋರಿಸಿಕೊಡುವುದು. ಈ ಹುದ್ದೆಯಲ್ಲಿದ್ದು, ಹೊಸಬರನ್ನು ಆರಿಸುವ ಸಮಿತಿಗಳಲ್ಲೂ ಕುಳಿತಿರುವ ನನಗೆ ಒಂದು ವಿಷಯ ದೃಢವಾಗಿದೆ. ಅಭ್ಯರ್ಥಿಗಳು ಉತ್ತರಗಳನ್ನು ಸಿದ್ಧಪಡಿಸಿಕೊಂಡು ಬರುತ್ತಾರೆ, ಆದರೆ ಆಯ್ಕೆ ಬಹುಪಾಲು ನಿರ್ಧಾರವಾಗುವುದು ಅವರು ಕೇಳುವ ಪ್ರಶ್ನೆಗಳಿಂದ.

ಸಂದರ್ಶನದ ಹಂತಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ನೇಮಕಾತಿ ವಿಭಾಗದವರ ಜೊತೆ ಮೊದಲ ಮಾತುಕತೆ, ತಂಡದ ಮುಖ್ಯಸ್ಥರ ಜೊತೆ ಇನ್ನೊಂದು, ತಾಂತ್ರಿಕ ಜ್ಞಾನವನ್ನು ಪರಿಶೀಲಿಸುವ ಒಂದು ಸುತ್ತು, ಅದಾದ ಮೇಲೆ ಸಮಿತಿಯ ಮುಂದೆ ಅಣಕು ಡೆಮೊ, ಇದು ಸಾಮಾನ್ಯವಾಗಿ ಕಾಣುವ ಕ್ರಮ. ಇವುಗಳಲ್ಲಿ ಡೆಮೊ ಸುತ್ತೇ ಅತಿ ಮುಖ್ಯವಾದದ್ದು, ಮತ್ತು ಅತಿ ಹೆಚ್ಚು ತಪ್ಪಾಗಿ ಗ್ರಹಿಸಲ್ಪಟ್ಟಿರುವುದೂ ಅದೇ.

ಅಣಕು ಡೆಮೊದಲ್ಲಿ ಸಂದರ್ಶಕರು ಗ್ರಾಹಕರ ಪಾತ್ರ ವಹಿಸುತ್ತಾರೆ. ಒಬ್ಬರು ಐಟಿ ವಿಭಾಗದ ಮುಖ್ಯಸ್ಥರಾಗುತ್ತಾರೆ, ಇನ್ನೊಬ್ಬರು ಹಣಕಾಸಿನ ಹೊಣೆ ಹೊತ್ತವರಾಗುತ್ತಾರೆ, ಮತ್ತೊಬ್ಬರು ಎದುರಾಳಿ ಕಂಪನಿಯ ಉತ್ಪನ್ನವನ್ನೇ ಮೆಚ್ಚಿಕೊಂಡಿರುವ ಎಂಜಿನಿಯರ್ ಆಗುತ್ತಾರೆ. ಅಭ್ಯರ್ಥಿಗೆ ತಾನು ಚೆನ್ನಾಗಿ ಬಲ್ಲ ಯಾವುದಾದರೂ ಉತ್ಪನ್ನವನ್ನು ಆರಿಸಿಕೊಳ್ಳುವ ಅವಕಾಶವನ್ನು ಅನೇಕ ಕಂಪನಿಗಳು ಕೊಡುತ್ತವೆ. ಇದರಿಂದಲೇ ಸಮಿತಿ ನೋಡುತ್ತಿರುವುದು ಉತ್ಪನ್ನದ ಜ್ಞಾನವನ್ನಲ್ಲ ಎಂಬುದು ತಿಳಿಯಬೇಕು. ಆದರೂ ಬಹಳಷ್ಟು ಜನ ಬಂದ ಕೂಡಲೇ ಪರದೆಯನ್ನು ಹಂಚಿಕೊಂಡು, ಎಡಗಡೆಯ ಮೆನುವಿನ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪ್ರತಿಯೊಂದು ಸೌಲಭ್ಯವನ್ನೂ ತೋರಿಸುತ್ತಾ ಹೋಗುತ್ತಾರೆ. ಅವರ ಶ್ರಮ ನಿಜವಾದದ್ದು, ಅದನ್ನು ನೋಡುವಾಗ ನನಗೆ ನೋವಾಗುತ್ತದೆ, ಏಕೆಂದರೆ ಎದುರಿಗಿರುವವರಿಗೆ ಯಾವುದು ಬೇಕಾಗಿದೆ ಎಂಬುದನ್ನು ಅವರು ಕೇಳಿಯೇ ಇರುವುದಿಲ್ಲ.

ಬ್ಯಾಕಪ್ ತಂತ್ರಾಂಶವೊಂದನ್ನು ತೋರಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಡೆಮೊಗೆ ಕೊಟ್ಟಿರುವ ಸಮಯದಲ್ಲಿ ಮೊದಲ ಹತ್ತು ನಿಮಿಷವನ್ನು ಪ್ರಶ್ನೆಗಳಿಗೆ ಮೀಸಲಿಡುವ ಅಭ್ಯರ್ಥಿ, ವ್ಯವಸ್ಥೆ ಕೆಟ್ಟುನಿಂತರೆ ಎಷ್ಟು ಹೊತ್ತಿನ ದತ್ತಾಂಶ ಕಳೆದುಹೋದರೂ ವ್ಯವಹಾರ ತಡೆದುಕೊಳ್ಳಬಲ್ಲದು, ಎಷ್ಟು ಗಂಟೆಯೊಳಗೆ ಎಲ್ಲವೂ ಮತ್ತೆ ನಡೆಯುವಂತಾಗಬೇಕು ಎಂದು ಮೊದಲು ಕೇಳುತ್ತಾರೆ. ಈ ಕ್ಷೇತ್ರದವರು ಆರ್‌ಪಿಒ, ಆರ್‌ಟಿಒ ಎನ್ನುವ ಅಳತೆಗಳು ಇವೇ. ಕಳೆದ ಬಾರಿ ದತ್ತಾಂಶವನ್ನು ಮರಳಿ ಪಡೆಯಬೇಕಾದಾಗ ಏನಾಯಿತು, ಆ ರಾತ್ರಿ ಕೆಲಸ ಮಾಡಿದವರು ಯಾರು, ಪರೀಕ್ಷಾರ್ಥವಾಗಿಯಾದರೂ ಮರುಸ್ಥಾಪನೆಯನ್ನು ಎಂದಾದರೂ ನಡೆಸಿದ್ದುಂಟೇ ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಉತ್ತರ ಹದಿನೈದು ನಿಮಿಷದ ದತ್ತಾಂಶ ಎಂದಾದರೆ ತೋರಿಸಬೇಕಾದದ್ದು ಒಂದು, ಒಂದು ದಿನದ್ದು ಎಂದಾದರೆ ತೋರಿಸಬೇಕಾದದ್ದು ಬೇರೆಯೇ. ಹೀಗೆ ಕೇಳಿಕೊಂಡವರು ಮೂರೇ ಸೌಲಭ್ಯಗಳನ್ನು ತೋರಿಸಿದರೂ, ಪ್ರತಿಯೊಂದನ್ನೂ ಗ್ರಾಹಕರು ಆಗಷ್ಟೇ ಹೇಳಿದ ತೊಂದರೆಗೆ ಜೋಡಿಸಬಲ್ಲರು. ನಾನು ಸಮಿತಿಯಲ್ಲಿದ್ದಾಗ ಇಂಥವರ ಪರವಾಗಿ ವಾದಿಸಲು ಹಿಂಜರಿದದ್ದಿಲ್ಲ.

ಡೆಮೊ ನಡುವೆ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಬೇಕೆಂದೇ ಕೇಳುವುದುಂಟು. ಊಹಿಸಿ ಹೇಳಿದ ಉತ್ತರ ಇಲ್ಲಿ ಬಹಳ ಅಪಾಯಕಾರಿ. ನಿಜವಾದ ವ್ಯವಹಾರದಲ್ಲಿ ಗ್ರಾಹಕರ ಎಂಜಿನಿಯರ್ ಅದನ್ನು ಬರೆದಿಟ್ಟುಕೊಳ್ಳುತ್ತಾರೆ, ಅದು ಸುಳ್ಳಾದ ದಿನ ಮಾರಾಟಗಾರರ ಉಳಿದ ಮಾತುಗಳೂ ಅನುಮಾನಕ್ಕೊಳಗಾಗುತ್ತವೆ. ಈ ವಿವರ ತನಗೆ ತಿಳಿದಿಲ್ಲವೆಂದು ನೇರವಾಗಿ ಒಪ್ಪಿಕೊಂಡು, ಅದು ಅವರಿಗೆ ಏಕೆ ಮುಖ್ಯವೆಂದು ವಿಚಾರಿಸಿ, ಯಾವಾಗ ಉತ್ತರ ತಲುಪಿಸುವೆನೆಂದು ಹೇಳಿ, ಸಂದರ್ಶನ ಮುಗಿದ ಮೇಲೆ ಅದನ್ನು ನಿಜಕ್ಕೂ ಇಮೇಲ್ ಮಾಡುವವರು ತೀರ ವಿರಳ. ಆ ಇಮೇಲ್ ಸಮಿತಿಯ ಚರ್ಚೆಯಲ್ಲಿ ಪ್ರಸ್ತಾಪವಾಗದೇ ಇರುವುದಿಲ್ಲ.

ಹಿಂದಿನ ವ್ಯವಹಾರವೊಂದನ್ನು ವಿವರಿಸಲು ಹೇಳಿದಾಗ ಕೇವಲ ಗೆದ್ದ ಕಥೆಯನ್ನು ಹೇಳಿದರೆ ಸಾಲದು. 1990ರ ದಶಕದಲ್ಲಿ ಪಿಟಿಸಿ ಎಂಬ ತಂತ್ರಾಂಶ ಕಂಪನಿಯ ಮಾರಾಟ ತಂಡದಲ್ಲಿ ರೂಪುಗೊಂಡ, ವ್ಯವಹಾರವೊಂದನ್ನು ಅಳೆದುನೋಡುವ ಮೆಡಿಕ್ (MEDDIC) ಎಂಬ ವಿಧಾನವನ್ನು ಅನೇಕ ಸಂಸ್ಥೆಗಳು ಇಂದಿಗೂ ಅನುಸರಿಸುತ್ತವೆ. ಹಣ ಮಂಜೂರು ಮಾಡುವ ಅಧಿಕಾರ ಯಾರಿಗಿತ್ತು, ಯಾವ ಮಾನದಂಡಗಳ ಮೇಲೆ ತೀರ್ಮಾನವಾಯಿತು, ಗ್ರಾಹಕರ ಕಡೆಯಲ್ಲಿ ನಮ್ಮ ಪರವಾಗಿ ಮಾತನಾಡಿದವರು ಯಾರು ಎಂಬುದನ್ನೆಲ್ಲ ಅದು ಕೇಳುತ್ತದೆ. ವಿಧಾನದ ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿರಬೇಕು. ಶುದ್ಧ ಎಂಜಿನಿಯರಿಂಗ್ ಹಿನ್ನೆಲೆಯಿಂದ ಬರುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಕೊನೆಯಲ್ಲಿ ಅಭ್ಯರ್ಥಿಗೆ ಪ್ರಶ್ನೆ ಕೇಳುವ ಸರದಿ ಬಂದಾಗ ಸಂಬಳದ ರಚನೆಯನ್ನು ವಿಚಾರಿಸಲು ಸಂಕೋಚಪಡಬೇಕಾಗಿಲ್ಲ. ಅಕೌಂಟ್ ಎಕ್ಸಿಕ್ಯುಟಿವ್‌ಗಳಿಗೆ ಸ್ಥಿರ ಮತ್ತು ಬದಲಾಗುವ ಭಾಗ 50:50ರಷ್ಟಿರುವುದು ಸಾಮಾನ್ಯವಾದರೆ, ಸೇಲ್ಸ್ ಎಂಜಿನಿಯರ್‌ಗಳಿಗೆ ಅದು 70:30 ಅಥವಾ 80:20ರಷ್ಟಿರುವುದು ಹೆಚ್ಚು. ಬದಲಾಗುವ ಭಾಗ ವೈಯಕ್ತಿಕ ಗುರಿಯನ್ನು ಅವಲಂಬಿಸಿದೆಯೋ ಇಡೀ ಪ್ರದೇಶದ ಗುರಿಯನ್ನೋ ಎಂಬುದನ್ನೂ, ಒಬ್ಬ ಸೇಲ್ಸ್ ಎಂಜಿನಿಯರ್ ಎಷ್ಟು ಅಕೌಂಟ್ ಎಕ್ಸಿಕ್ಯುಟಿವ್‌ಗಳಿಗೆ ನೆರವಾಗಬೇಕು ಎಂಬುದನ್ನೂ ಕೇಳಲೇಬೇಕು. ಖರೀದಿಗೆ ಮುಂಚೆ ಗ್ರಾಹಕರು ಉತ್ಪನ್ನವನ್ನು ಪರೀಕ್ಷಿಸಿ ನೋಡುವ ಪ್ರೂಫ್ ಆಫ್ ಕಾನ್ಸೆಪ್ಟ್ ಆರಂಭವಾಗುವ ಮೊದಲೇ ಯಶಸ್ಸಿನ ಮಾನದಂಡಗಳನ್ನು ಗ್ರಾಹಕರಿಂದ ಬರಹದಲ್ಲಿ ಪಡೆಯುವ ಪದ್ಧತಿ ಇದೆಯೇ ಎಂದು ಸಹ ವಿಚಾರಿಸಬೇಕು, ಏಕೆಂದರೆ ಅದಿಲ್ಲದ ಕಡೆ ಪರೀಕ್ಷೆಗಳು ಅಂತ್ಯವಿಲ್ಲದೆ ಎಳೆಯುತ್ತಾ ಹೋಗುತ್ತವೆ, ಮತ್ತು ಆ ತಿಂಗಳುಗಳ ಶ್ರಮವನ್ನು ಹೊರಬೇಕಾದವರು ಸೇಲ್ಸ್ ಎಂಜಿನಿಯರ್‌ಗಳೇ.